ಒಂಬತ್ತು ಕಿರೀಟ, ಒಂದು ಪದಕ

ಫ್ರಾನ್ಸ್‌ನ ದಿಜೋನ್‌ನಲ್ಲಿ 1977ರಲ್ಲಿ ಹುಟ್ಟಿದ ಆನ್ ಕ್ಯಾರೊಲಿನ್ ಶೋಸೋನ್ ರೇಸಿಂಗ್ ಕಲಿತದ್ದು ಬಿಎಂಎಕ್ಸ್‌ನ ಪುಟ್ಟ ಸೈಕಲ್ ಮೇಲೆ. ಹದಿಹರೆಯದಲ್ಲಿ ಬೆಟ್ಟದ ಕಡೆ ಹೊರಳಿದರು. ಕಲ್ಲು, ಬೇರು, ಕೆಸರಿನ ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ ಇಳಿದು, ಕಡಿಮೆ ಸಮಯ ತೆಗೆದುಕೊಂಡವರು ಗೆಲ್ಲುವ ‘ಡೌನ್‌ಹಿಲ್’ ಅವರ ಆಟವಾಯಿತು. 1996ರಿಂದ 2005ರೊಳಗೆ ಒಂಬತ್ತು ಸಲ ಹಿರಿಯರ ವಿಭಾಗದ ವಿಶ್ವ ಚಾಂಪಿಯನ್!

ಆದರೆ ಒಲಿಂಪಿಕ್ಸ್? 1996ರಲ್ಲಿ ಅಟ್ಲಾಂಟಾದಲ್ಲಿ ಮೌಂಟನ್ ಬೈಕಿಗೆ ಜಾಗ ಸಿಕ್ಕಿತು, ಅದೂ ಕ್ರಾಸ್‌ಕಂಟ್ರಿಗೆ ಮಾತ್ರ. ಡೌನ್‌ಹಿಲ್ ಹೊರಗೇ ಉಳಿಯಿತು. ಜಗತ್ತಿನಲ್ಲಿ ಸಾಟಿಯಿಲ್ಲದ ಆಟಗಾರ್ತಿಗೆ ಪದಕದ ದಾರಿಯೇ ಇರಲಿಲ್ಲ.

2008ರ ಬೀಜಿಂಗ್‌ಗೆ ಬಿಎಂಎಕ್ಸ್ ಸೇರಿದ್ದರಿಂದ, ಮೂವತ್ತರ ಶೋಸೋನ್ ಬಾಲ್ಯದ ಸೈಕಲ್ಲಿಗೆ ಮರಳಿದರು. ಎಂಟು ಮಂದಿಯ ಒಂದೇ ಫೈನಲ್, ಸುಮಾರು 36 ಸೆಕೆಂಡು. ಅವರೇ ಮುಂದಿದ್ದರು. ಬೆನ್ನಟ್ಟಿದ್ದ ಬ್ರಿಟನ್‌ನ 19ರ ವಿಶ್ವ ಚಾಂಪಿಯನ್ ಶನೇಝ್ ರೀಡ್, ಬೆಳ್ಳಿಗೆ ತೃಪ್ತಿಪಡದೆ ಕೊನೆಯ ತಿರುವಿನಲ್ಲಿ ನುಗ್ಗಲು ಹೋಗಿ ಬಿದ್ದರು. ಮಹಿಳಾ ಬಿಎಂಎಕ್ಸ್‌ನ ಮೊದಲ ಒಲಿಂಪಿಕ್ ಚಿನ್ನ ಶೋಸೋನ್ ಪಾಲಾಯಿತು. ಕಂಚು ಗೆದ್ದ ಅಮೆರಿಕದ ಜಿಲ್ ಕಿಂಟ್ನರ್ ಕೂಡ ಬೆಟ್ಟದ ಸೈಕಲ್ ರೇಸ್‌ಗಳಲ್ಲಿ ಹೆಸರು ಮಾಡಿದವರೇ.

ನಾವು ಆಟಗಾರರನ್ನು ಅಳೆಯುವುದು ಪದಕಪಟ್ಟಿಯಿಂದ. ಆ ಪಟ್ಟಿಯಲ್ಲಿ ಶೋಸೋನ್ ಎಂದರೆ 36 ಸೆಕೆಂಡು ಮಾತ್ರ; ಅದರ ಹಿಂದಿನ ಒಂಬತ್ತು ಕಿರೀಟಗಳಿಗೆ ಅಲ್ಲಿ ಕಾಲಮ್ಮೇ ಇಲ್ಲ.