ರೊಟ್ಟಿಯ ಜೋಳ, ಹೊಲದ ಕಸ



ಠಾಣೆ, ಡೊಂಬಿವಲಿ, ಕಲ್ಯಾಣದ ಕಿರಾಣಿ ಅಂಗಡಿಗಳಲ್ಲಿ ‘ಮಾಲದಂಡಿ’ ಜೋಳ ಕೇಳಿ ಪಡೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ನವಿ ಮುಂಬಯಿಯ ವಾಶಿ ಮಾರುಕಟ್ಟೆಯ ಧಾನ್ಯದ ವ್ಯಾಪಾರಿಗಳಿಗೂ ಈ ಹೆಸರು ಚಿರಪರಿಚಿತ. ವಿಜಯಪುರ, ಕಲಬುರಗಿ, ಸೊಲ್ಲಾಪುರ ಕಡೆಯ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದಿನ ಹಿಂದೆ ಈ ಜೋಳವಿದೆ.

ಇದರ ಕಥೆ ಹಳೆಯದು. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ, ರೈತರ ಮಾಲದಂಡಿ ಜೋಳದಿಂದಲೇ ಆಯ್ದು ತೆಗೆದ ತಳಿ ಎಂ 35-1. 1964ರಲ್ಲಿ ದೇಶದ ಮೊದಲ ಸಂಕರ ಜೋಳ ಸಿಎಸ್‌ಎಚ್-1 ಬಂತು. ಮುಂಗಾರಿಯಲ್ಲಿ ಸಂಕರ ತಳಿಗಳು ಹಬ್ಬಿದವು. ಹಿಂಗಾರಿ ಹೊಲದಲ್ಲಿ ಮಾತ್ರ ಮಾಲದಂಡಿ ಗಟ್ಟಿಯಾಗಿ ನಿಂತಿತು.

ತಳಿ ಯಾವುದೇ ಇರಲಿ, ಕಸದ ಕಾಟ ತಪ್ಪಲಿಲ್ಲ. ಜೋಳದ ಎಳೆ ಸಸಿ ನಿಧಾನವಾಗಿ ಬೆಳೆಯುತ್ತದೆ. ಮೊದಲ ತಿಂಗಳಲ್ಲಿ ಕಸ ತೆಗೆಯದಿದ್ದರೆ ನೀರು, ಗೊಬ್ಬರ ಎರಡೂ ಅದರ ಪಾಲು. ಎಡೆಕುಂಟೆ ಹೊಡೆಯುವುದು ಗಂಡಸರ ಕೆಲಸ. ಬಗ್ಗಿ ಕುರ್ಪಿ ಹಿಡಿಯುವುದು ಹೆಚ್ಚಾಗಿ ಹೆಂಗಸರ ಪಾಡು.

1950ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿ ‘ಅಟ್ರಜಿನ್’ ಎಂಬ ಕಳೆನಾಶಕ ತಂದಿತು. ಅದು ಎಲೆಯಲ್ಲಿ ಆಹಾರ ತಯಾರಾಗುವುದನ್ನೇ ತಡೆಯುತ್ತದೆ. ಆದರೆ ಜೋಳ ಅದನ್ನು ತಾಳಿಕೊಳ್ಳುತ್ತದೆ. ತನ್ನೊಳಗಿನ ಗ್ಲುಟಥಯೋನ್ ಎಂಬ ವಸ್ತುವಿಗೆ ವಿಷವನ್ನು ಕಟ್ಟಿಹಾಕಿ ನಿರುಪದ್ರವಿಯಾಗಿಸುವ ಗುಣ ಅದಕ್ಕೆ ಹುಟ್ಟಿನಿಂದಲೇ ಇದೆ. ಪಕ್ಕದ ಅಕ್ಕಡಿ ಸಾಲಿನ ತೊಗರಿ, ಹೆಸರಿಗೆ ಆ ಭಾಗ್ಯವಿಲ್ಲ. ಔಷಧಿ ಹೊಡೆದರೆ ರೊಟ್ಟಿ ಉಳಿದೀತು, ಬೇಳೆ ಹೋದೀತು!

ಇನ್ನೊಂದು ತೊಡಕು: ಜೋಳವೂ ಹುಲ್ಲಿನ ಜಾತಿಯೇ. ಹುಲ್ಲು ಕೊಲ್ಲುವ ಎಷ್ಟೋ ಔಷಧಿಗಳು ಜೋಳವನ್ನೂ ಕೊಲ್ಲುತ್ತವೆ. 2000ದ ದಶಕದಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದಕ್ಕೊಂದು ದಾರಿ ಹುಡುಕಿದರು. ಕಳೆನಾಶಕಕ್ಕೂ ಬಗ್ಗದೆ ಉಳಿದ ಕಾಡುಜೋಳದ ಗುಣವನ್ನು ಸಾಮಾನ್ಯ ಸಂಕರಣದಿಂದಲೇ ಊಟದ ಜೋಳಕ್ಕೆ ತಂದರು. ಕಸದ ಶಕ್ತಿಯನ್ನೇ ಬೆಳೆಗೆ ಎರವಲು ಪಡೆದಂತಾಯಿತು. ಮುಂಬಯಿ ಮೂಲದ ಯುಪಿಎಲ್ ಸಮೂಹದ ಅಡ್ವಾಂಟಾ ಕಂಪನಿಯೂ ‘ಐಗ್ರೋತ್’ ಎಂಬ ಸಹಿಷ್ಣು ಜೋಳವನ್ನು ಹೊರದೇಶಗಳ ಮಾರುಕಟ್ಟೆಗೆ ತಂದಿದೆ. ನಮ್ಮ ದೇಶದಲ್ಲಿ 2021ರಲ್ಲಿ ಇಂಥದೇ ಗುಣದ ಎರಡು ಬಾಸ್ಮತಿ ಭತ್ತದ ತಳಿಗಳು ಬಿಡುಗಡೆಯಾದವು.

ಅನುಕೂಲ ನಿಜ, ಅಪಾಯವೂ ನಿಜ. ಕಾಡುಜೋಳ ಊಟದ ಜೋಳದ ದಾಯಾದಿ. ಗಾಳಿಯಲ್ಲಿ ತೇಲುವ ಪರಾಗ ಬೇಲಿ ನೋಡುವುದಿಲ್ಲ. ಕಸದಿಂದ ಬೆಳೆಗೆ ಬಂದ ಗುಣ ಬೆಳೆಯಿಂದ ಮತ್ತೆ ಕಸಕ್ಕೆ ಹೋಗಬಹುದು. ಒಂದೇ ಔಷಧಿಯನ್ನು ವರ್ಷವರ್ಷವೂ ಹೊಡೆದರೆ ಬದುಕುಳಿದ ಕಸವೇ ಬೀಜ ಉದುರಿಸುತ್ತದೆ. ಆದ್ದರಿಂದ ಬೆಳೆ ಬದಲಿಸುವುದು, ಎಡೆ ಹೊಡೆಯುವುದು ಹಳೆಯದಾಯಿತೆಂದು ಬಿಡುವಂತಿಲ್ಲ.

ಊರಿನಲ್ಲಿ ಕಸ ತೆಗೆಯಲು ಆಳು ಸಿಗುವುದಿಲ್ಲವೆಂದು ಅಣ್ಣತಮ್ಮಂದಿರು ಫೋನಿನಲ್ಲಿ ಗೊಣಗಿದಾಗ ಔಷಧಿಯನ್ನು ಬೈಯುವುದು ಸುಲಭ. ಕುರ್ಪಿ ಹಿಡಿಯಬೇಕಿದ್ದ ಆ ಕೈಗಳು ಎಲ್ಲಿ ಹೋದವು? ಬೆಳಗಿನ ಕಲ್ಯಾಣ ಲೋಕಲ್ಲಿನಲ್ಲಿ ಹಿಡಿಕೆಗೆ ಜೋತುಬಿದ್ದಿರುವ ಕೈಗಳಲ್ಲಿ ಕೆಲವು ಅವೇ ಅಲ್ಲವೇ?