ದಂಡನಾಯಕನನ್ನು ಕೊಂದವರು ಯಾರು?

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಚಿಕ್ಕದೊಂದು ವರದಿ ಪ್ರಕಟವಾಯಿತು. ಲಾಸ್ ಏಂಜಲೀಸ್ ನಗರದ ಐವರು ತರುಣರಿಗೆ ಅಪರೂಪದ ನ್ಯುಮೋನಿಯಾ ತಗುಲಿತ್ತು. ಅವರಲ್ಲಿ ಇಬ್ಬರು ತೀರಿಕೊಂಡಿದ್ದರು. ಇಂಥ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ ಒಂದು ಜಾತಿಯ ಬಿಳಿ ರಕ್ತಕಣಗಳು ಬಹುತೇಕ ಮಾಯವಾಗಿದ್ದುದು ಕಂಡುಬಂತು. ಅವೇ ಸಹಾಯಕ ಟಿ-ಕೋಶಗಳು. ರೋಗಾಣುಗಳ ವಿರುದ್ಧ ಹೋರಾಡುವ ದೇಹದ ಸೇನೆಗೆ ಇವು ದಂಡನಾಯಕರಿದ್ದಂತೆ.

1983ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಫ್ರಾನ್ಸ್ವಾಸ್ ಬಾರ್-ಸಿನೂಸಿ, ಲೂಕ್ ಮೊಂತಾನ್ಯೆ ಮತ್ತು ಸಂಗಡಿಗರು ಈ ಕಾಯಿಲೆಯ ವೈರಾಣುವನ್ನು ಪತ್ತೆಹಚ್ಚಿದರು. ಮುಂದೆ ಅದಕ್ಕೆ ಎಚ್.ಐ.ವಿ. ಎಂಬ ಹೆಸರಾಯಿತು. ಟಿ-ಕೋಶದ ಮೈಮೇಲಿನ ಸಿಡಿ-4 ಎಂಬ ಪ್ರೋಟೀನೇ ಅದರ ಪ್ರವೇಶದ್ವಾರವೆಂಬುದು 1984ರಲ್ಲಿ ತಿಳಿಯಿತು. ವೈರಾಣು ಒಳಹೊಕ್ಕು, ಸಂತಾನ ಬೆಳೆಸಿ, ಕೋಶವನ್ನು ಕೊಲ್ಲುತ್ತದೆ ಎಂಬ ವಿವರಣೆ ಸಹಜವಾಗಿಯೇ ಹುಟ್ಟಿತು.

ಆದರೆ ಲೆಕ್ಕ ಹೊಂದಲಿಲ್ಲ. ವೈರಾಣುವನ್ನು ಉತ್ಪಾದಿಸುತ್ತಿದ್ದ ಕೋಶಗಳು ಕೆಲವೇ. ಸಾಯುತ್ತಿದ್ದ ಕೋಶಗಳು ಅಸಂಖ್ಯ. ರೋಗಲಕ್ಷಣಗಳಿಲ್ಲದ ವರ್ಷಗಳಲ್ಲಿ ವೈರಾಣು ನಿದ್ರಿಸುತ್ತಿರುತ್ತದೆ ಎಂದೂ ಅನೇಕರು ಭಾವಿಸಿದ್ದರು. 1995ರ ಜನವರಿಯಲ್ಲಿ ಡೇವಿಡ್ ಹೋ ಮತ್ತು ಜಾರ್ಜ್ ಶಾ ಅವರ ತಂಡಗಳು ಈ ಭಾವನೆಯನ್ನು ಅಳಿಸಿಹಾಕಿದವು. ಹೊಸ ಔಷಧಿಗಳಿಂದ ವೈರಾಣುವಿನ ವೃದ್ಧಿಯನ್ನು ತಡೆದಾಗ ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡೇ ದಿನಗಳಲ್ಲಿ ಅರ್ಧಕ್ಕಿಳಿಯಿತು. ಅಂದರೆ ಪ್ರತಿದಿನವೂ ನೂರು ಕೋಟಿಗೂ ಮಿಕ್ಕಿ ವೈರಾಣುಗಳು ಹುಟ್ಟಿ ಅಳಿಯುತ್ತಿದ್ದವು. ಮೌನದ ವರ್ಷಗಳು ವಾಸ್ತವವಾಗಿ ಯುದ್ಧದ ವರ್ಷಗಳಾಗಿದ್ದವು.

ಹಾಗಾದರೆ ಉಳಿದ ಕೋಶಗಳನ್ನು ಕೊಂದವರು ಯಾರು? ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯಲ್ಲಿ ವಾರ್ನರ್ ಗ್ರೀನ್ ಅವರ ತಂಡ 2010 ಮತ್ತು 2014ರಲ್ಲಿ ಪ್ರಕಟಿಸಿದ ಸಂಶೋಧನೆಗಳು ಉತ್ತರದ ಬಹುಭಾಗವನ್ನು ಕೊಟ್ಟವು. ಮನುಷ್ಯರ ಟಾನ್ಸಿಲ್ ಮುಂತಾದ ಅಂಗಾಂಶಗಳಲ್ಲಿ ನಡೆಸಿದ ಈ ಪ್ರಯೋಗಗಳಲ್ಲಿ, ಸತ್ತ ಕೋಶಗಳ ಪೈಕಿ ಶೇಕಡಾ 95ರಷ್ಟು ವಿಶ್ರಾಂತಿಯಲ್ಲಿದ್ದಂಥವು. ವೈರಾಣು ಅವುಗಳೊಳಗೆ ಹೊಕ್ಕಿತ್ತಾದರೂ ತನ್ನ ಡಿ.ಎನ್.ಎ. ಪ್ರತಿಯನ್ನು ಪೂರ್ಣಗೊಳಿಸಲಾರದೆ ಅರ್ಧಕ್ಕೇ ನಿಂತಿತ್ತು. ಆ ತುಂಡುಗಳನ್ನು ಗುರುತಿಸಿದ ಕೋಶ, ಕ್ಯಾಸ್ಪೇಸ್-1 ಎಂಬ ಕಿಣ್ವವನ್ನು ಎಚ್ಚರಿಸಿ ತನ್ನನ್ನು ತಾನೇ ಸಿಡಿಸಿಕೊಳ್ಳುತ್ತದೆ. ಇದಕ್ಕೆ ಪೈರಾಪ್ಟೋಸಿಸ್, ಎಂದರೆ ಉರಿಸಾವು ಎಂದು ಹೆಸರು. ಸಿಡಿದ ಕೋಶದಿಂದ ಚೆಲ್ಲಿದ ಉರಿಯೂತದ ಸಂಕೇತಗಳು ಇನ್ನಷ್ಟು ಟಿ-ಕೋಶಗಳನ್ನು ಅಲ್ಲಿಗೇ ಕರೆತರುತ್ತವೆ. ಅವುಗಳಿಗೂ ಅದೇ ಗತಿ. ವೈರಾಣುವನ್ನು ಉತ್ಪಾದಿಸುವ ಕೆಲವೇ ಕೋಶಗಳು ಮಾತ್ರ ಉರಿಯೂತವಿಲ್ಲದೆ ಸದ್ದಿಲ್ಲದೆ ಸಾಯುತ್ತವೆ.

ಹೀಗೆ, ದೇಹವನ್ನು ಕಾಯಲೆಂದು ಇರುವ ಏರ್ಪಾಡೇ ದೇಹಕ್ಕೆ ಮುಳುವಾಗುತ್ತದೆ. ಲಕ್ಷಣಗಳು ಕಾಣಿಸುವವರೆಗೆ ಕಾಯುವುದೆಂದರೆ ಈ ನಾಶಕ್ಕೆ ಕಾಲಾವಕಾಶ ಕೊಟ್ಟಂತೆ. ಬೇಗ ಚಿಕಿತ್ಸೆ ಪಡೆದವರಿಗೆ ಹೆಚ್ಚು ಒಳಿತಾಗುವುದು 2015ರ ವೇಳೆಗೆ ದೊಡ್ಡ ಪರೀಕ್ಷೆಗಳಿಂದ ಸಿದ್ಧವಾಯಿತು. ಸೋಂಕು ಪತ್ತೆಯಾದ ಎಲ್ಲರಿಗೂ ಔಷಧಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಹೇಳಿತು. ಭಾರತ 2017ರಲ್ಲಿ ಆ ನೀತಿಯನ್ನು ಅಂಗೀಕರಿಸಿತು. ಆರೋಗ್ಯವಾಗಿರುವಂತೆ ಕಾಣುವ ವ್ಯಕ್ತಿಯೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಒತ್ತಾಯಿಸುವುದು ಇದೇ ಕಾರಣಕ್ಕೆ.