ಹೋಬಳಿಯ ಶಾಲೆಗೆ ಸಮಾಜವಿಜ್ಞಾನದ ಗುರು: ಉಪಾಧ್ಯಾಯ ಶಿಕ್ಷಣವು ನಡೆದುಬಂದ ದಾರಿ

ಕಲಿಸುವವನು ಮೊದಲು ಕಲಿಯಬೇಕೆಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ. ಆದರೆ ಕಲಿಸುವ ವೃತ್ತಿಗೆಂದೇ ಪ್ರತ್ಯೇಕವಾದ ಶಿಕ್ಷಣವಿರಬೇಕು, ಅದನ್ನು ಪೂರೈಸಿದವನಿಗೆ ವಿಶ್ವವಿದ್ಯಾನಿಲಯದ ಪದವಿ ಸಲ್ಲಬೇಕು, ಅದಿಲ್ಲದವನನ್ನು ಪ್ರೌಢಶಾಲೆಯ ಉಪಾಧ್ಯಾಯನನ್ನಾಗಿ ನೇಮಿಸಬಾರದು ಎಂಬ ಕಟ್ಟುಪಾಡು ರೂಪುಗೊಂಡದ್ದು ಕಳೆದ ಒಂದೂವರೆ ಶತಮಾನದಲ್ಲಿ. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಂತಹ ಹೋಬಳಿ ಕೇಂದ್ರದಲ್ಲಿ ಸಮಾಜವಿಜ್ಞಾನವನ್ನು ಬೋಧಿಸಲು ನಿಲ್ಲುವ ಪದವೀಧರನು ಎಂತಹ ಶಿಕ್ಷಣವನ್ನು ಪಡೆದು ಬರುತ್ತಾನೆ, ಆ ಶಿಕ್ಷಣ ಎಲ್ಲಿಂದ ಹೊರಟು ಇಲ್ಲಿಗೆ ಮುಟ್ಟಿತು, ಅದು ಕೊಟ್ಟದ್ದೇನು, ಕೊಡದೆ ಉಳಿದದ್ದೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

1854ರ ವುಡ್ಡನ ಶಿಕ್ಷಣ ಆಜ್ಞಾಪತ್ರವು ಭಾರತದಲ್ಲಿ ಉಪಾಧ್ಯಾಯರ ತರಬೇತಿಗೆ ಶಾಲೆಗಳನ್ನು ತೆರೆಯಬೇಕೆಂದು ಸೂಚಿಸಿತು. ಮೈಸೂರು ಸಂಸ್ಥಾನದಲ್ಲಿ ಡೆವರೊ ಎಂಬ ಅಧಿಕಾರಿಯ ಯೋಜನೆಯ ಮೇರೆಗೆ 1857ರಲ್ಲಿ ಶಿಕ್ಷಣ ಇಲಾಖೆ ಆರಂಭವಾಯಿತು. ಆದರೆ ಹಳ್ಳಿಯ ಮಟ್ಟಿಗೆ ನಿಜವಾದ ತಿರುವು ಬಂದದ್ದು 1868ರಲ್ಲಿ. ಆ ವರ್ಷ ಬಿ.ಎಲ್. ರೈಸ್ ಮಹಾಶಯರು ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಸರಕಾರದ ಮುಂದಿಟ್ಟರು. ಅದರ ಜೊತೆಗೇ, ಆ ಶಾಲೆಗಳ ಉಪಾಧ್ಯಾಯರನ್ನು ಸಿದ್ಧಗೊಳಿಸುವ ನಾರ್ಮಲ್ ಶಾಲೆಗಳ ವಿಚಾರವೂ ಬಂದಿತು. ಶಾಲೆಗಿಂತ ಮೊದಲು ಗುರು ಸಿದ್ಧನಾಗಬೇಕೆಂಬ ಈ ವಿವೇಕವು ಸಾಮಾನ್ಯವಾದುದಲ್ಲ.

ಇದೇ ರೈಸ್ ಅವರು ಮುಂದೆ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದರು. ಹಾಸನ ಜಿಲ್ಲೆಗೆ ಮೀಸಲಾದ ಐದನೆಯ ಸಂಪುಟವು 1902ರಲ್ಲಿ ಪ್ರಕಟವಾಯಿತು. ಅರಸೀಕೆರೆ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಹೋಬಳಿ ಶಾಲೆಯನ್ನು ಕಲ್ಪಿಸಿದ ಕೈಯೇ ಹೋಬಳಿಯ ಶಿಲಾಶಾಸನವನ್ನೂ ಪ್ರತಿಮಾಡಿಸಿತೆಂಬುದು ಸಮಾಜವಿಜ್ಞಾನದ ಉಪಾಧ್ಯಾಯನು ನೆನೆಯತಕ್ಕ ಸಂಗತಿ. ಅವನ ಎರಡು ಕರ್ತವ್ಯಗಳೂ ಇದರಲ್ಲಿ ಅಡಗಿವೆ.

ಉತ್ತರದ ಕಡೆಗೆ ನೋಡಿದರೆ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು (1834-1881) ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ ಕನ್ನಡ ಶಾಲೆಗಳನ್ನೂ ಕನ್ನಡ ಉಪಾಧ್ಯಾಯರನ್ನೂ ಬೆಳೆಸಿದರು. ಕನ್ನಡದಲ್ಲಿ ಕಲಿಸಬಲ್ಲವರು ಸಿದ್ಧರಾಗದೆ ಕನ್ನಡ ಶಾಲೆ ನಿಲ್ಲದೆಂಬುದನ್ನು ಅವರು ಕಂಡುಕೊಂಡಿದ್ದರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಷನ್ ಸೊಸೈಟಿಯನ್ನು ಸ್ಥಾಪಿಸಿದ ಏಳು ಮಂದಿಯೂ ಶಿಕ್ಷಕರೇ. ಅವರಲ್ಲಿ ಶಿ.ಶಿ. ಬಸವನಾಳರು ವಚನಗಳ ಸಂಪಾದನೆಯಲ್ಲಿ ಪ್ರಾತಃಸ್ಮರಣೀಯರು. ಪಾಠ ಹೇಳುವವರೇ ಪಾಠಶೋಧನೆ ಮಾಡಿದರು, ಪಾಠಶಾಲೆಯನ್ನೂ ಕಟ್ಟಿದರು. ಅಧ್ಯಾಪನ ಮತ್ತು ವಿದ್ವತ್ತು ಎರಡು ಬೇರೆ ಜಾತಿಗಳೆಂಬ ಭಾವನೆ ಆ ತಲೆಮಾರಿಗೆ ಇರಲಿಲ್ಲ.

ಹೈಸ್ಕೂಲಿಗೆ ಬೇಕಾದ ಪದವೀಧರ ಉಪಾಧ್ಯಾಯರ ತರಬೇತಿಯ ಕಥೆ ಇದಕ್ಕಿಂತ ಸ್ವಲ್ಪ ಬೇರೆ. ದಕ್ಷಿಣ ಭಾರತದಲ್ಲಿ ಈ ಕೆಲಸಕ್ಕೆ ಹಳೆಯ ಕೇಂದ್ರವೆಂದರೆ 1856ರಲ್ಲಿ ಮದರಾಸಿನಲ್ಲಿ ಆರಂಭವಾಗಿ ಮುಂದೆ ಸೈದಾಪೇಟೆಯಲ್ಲಿ ನೆಲೆಗೊಂಡ ಸಂಸ್ಥೆ. ಅಲ್ಲಿ ದೊರೆಯುತ್ತಿದ್ದ ಎಲ್.ಟಿ. ಎಂಬುದರ ಪೂರ್ಣರೂಪ 'ಲೈಸೆನ್ಷಿಯೇಟ್ ಇನ್ ಟೀಚಿಂಗ್', ಎಂದರೆ ಬೋಧಿಸಲು ಅನುಮತಿಯನ್ನು ಪಡೆದವನು ಎಂದರ್ಥ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾದ ಮೇಲೆ ಕಾಲಕ್ರಮದಲ್ಲಿ ಇಲ್ಲಿಯೇ ಬಿ.ಟಿ. ಪದವಿ ದೊರೆಯುವಂತಾಯಿತು, ಅದೇ ಮುಂದೆ ಬಿ.ಎಡ್. ಎಂಬ ಹೆಸರನ್ನು ಪಡೆಯಿತು. ಹೆಸರು ಬದಲಾದರೂ ಬಹುಕಾಲ ಅವಧಿ ಒಂದೇ ವರ್ಷವಾಗಿತ್ತು. ಮನಶ್ಶಾಸ್ತ್ರ, ಶಿಕ್ಷಣ ತತ್ತ್ವ, ಶಾಲಾ ಆಡಳಿತ, ಎರಡು ವಿಷಯಗಳ ಬೋಧನಾ ವಿಧಾನ, ಅಭ್ಯಾಸ ಪಾಠ, ವಿಮರ್ಶಾ ಪಾಠ ಎಂಬಿವು ಅದರ ಅಂಗಗಳು. ಪಾಠಟಿಪ್ಪಣಿಯನ್ನು ಜರ್ಮನಿಯ ಹರ್ಬಾರ್ಟನ ಹೆಸರಿನಲ್ಲಿ ಬಂದ ಸೋಪಾನಗಳಲ್ಲಿ ಬರೆಯಬೇಕಾಗಿತ್ತು: ಪೂರ್ವಸಿದ್ಧತೆ, ಮಂಡನೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ತರಗತಿಯ ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕುಳಿತಿರಲು, ಕೈಯಲ್ಲಿ ಸೀಮೆಸುಣ್ಣ ಹಿಡಿದು ನಡುಗುತ್ತ ನಿಂತ ಪ್ರಶಿಕ್ಷಣಾರ್ಥಿಗೆ ಆ ಐದು ಮೆಟ್ಟಿಲುಗಳೇ ಆಸರೆ.

'ಸಮಾಜವಿಜ್ಞಾನ' ಎಂಬ ಒಂದೇ ವಿಷಯವಂತೂ ಇನ್ನೂ ಈಚಿನದು. ಹಿಂದೆ ಇತಿಹಾಸ, ಭೂಗೋಳ, ಪೌರನೀತಿಗಳು ಬೇರೆಬೇರೆಯಾಗಿದ್ದುವು. 1952-53ರ ಮುದಲಿಯಾರ್ ಮಾಧ್ಯಮಿಕ ಶಿಕ್ಷಣ ಆಯೋಗವು ಇವುಗಳನ್ನು ಕೂಡಿಸಿ, ಬಾಲಕನು ತನ್ನ ಸುತ್ತಲಿನ ಸಮಾಜವನ್ನು ಅಖಂಡವಾಗಿ ಅರಿಯುವಂತೆ ಬೋಧಿಸಬೇಕೆಂದು ಸಲಹೆಯಿತ್ತಿತು. ಪದವೀಧರರ ತರಬೇತಿಯನ್ನು ಕ್ರಮೇಣ ಎರಡು ವರ್ಷಕ್ಕೆ ವಿಸ್ತರಿಸುವುದು ಒಳಿತೆಂದೂ ಅದೇ ಆಯೋಗ ಹೇಳಿತ್ತು. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾಂತೀಯ ಶಿಕ್ಷಣ ಕಾಲೇಜು, ವಿಷಯಜ್ಞಾನವನ್ನೂ ಬೋಧನಾ ಕೌಶಲವನ್ನೂ ನಾಲ್ಕು ವರ್ಷ ಒಟ್ಟಿಗೆ ಕಲಿಸುವ ಹೊಸ ಮಾರ್ಗವನ್ನು ತೋರಿತು. ಉಳಿದೆಡೆ ಒಂದು ವರ್ಷದ ಕ್ರಮವೇ ಮುಂದುವರಿಯಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿಗೆ 1993ರ ಕಾಯಿದೆಯಿಂದ ಶಾಸನಬದ್ಧ ಅಧಿಕಾರ ದೊರೆಯಿತು. ಅದರ 2014ರ ನಿಯಮಾವಳಿಯಂತೆ 2015-16ರಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಗಳಲ್ಲಿ ಇಪ್ಪತ್ತು ವಾರಗಳ ಅನುಭವ ಕಡ್ಡಾಯವಾಯಿತು. ಮುದಲಿಯಾರ್ ಆಯೋಗದ ಸಲಹೆ ಕೈಗೂಡಲು ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ನಾಲ್ಕು ವರ್ಷದ ಸಮಗ್ರ ಶಿಕ್ಷಣವೇ ಕನಿಷ್ಠ ಅರ್ಹತೆಯಾಗಬೇಕೆನ್ನುತ್ತದೆ.

ಅವಧಿ ಹೆಚ್ಚಿತು, ಸರಿ. ಅದರ ಭಾರವನ್ನು ಹೊರುವವರು ಯಾರು? ಮೂರು ವರ್ಷ ಪದವಿಗೆ ಓದಿ, ಮತ್ತೆರಡು ವರ್ಷ ಬಿ.ಎಡ್. ಪೂರೈಸಿ, ಅನಂತರ ಸ್ಪರ್ಧಾತ್ಮಕ ಪರೀಕ್ಷೆಯ ಕರೆಗಾಗಿ ಕಾಯುವ ಹಳ್ಳಿಯ ತರುಣ ತರುಣಿಯರ ಮನೆಯಲ್ಲಿ ಇರುವುದು ಮಳೆಯನ್ನು ನಂಬಿದ ರಾಗಿಯ ಹೊಲ, ನಾಲ್ಕು ತೆಂಗಿನ ಮರ. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವು 2012ರಲ್ಲಿ, ಉಪಾಧ್ಯಾಯ ಶಿಕ್ಷಣ ಸಂಸ್ಥೆಗಳಲ್ಲಿ ಬಹುಪಾಲು ಖಾಸಗಿಯವರ ಕೈಯಲ್ಲಿರುವುದನ್ನೂ ಅವುಗಳ ಗುಣಮಟ್ಟ ಕುಸಿದಿರುವುದನ್ನೂ ಎತ್ತಿ ತೋರಿಸಿತು. ಶುಲ್ಕ ತೆತ್ತು ಹಾಜರಿಯನ್ನು ಮಾತ್ರ ಪಡೆದು ಬಂದವನಿಗೆ ಎರಡು ವರ್ಷವೂ ಒಂದೇ, ಹತ್ತು ವರ್ಷವೂ ಒಂದೇ.

ಎರಡನೆಯ ತೊಡಕು ವಿಷಯಕ್ಕೆ ಸಂಬಂಧಿಸಿದ್ದು. ಕರ್ನಾಟಕದ ಪ್ರೌಢಶಾಲೆಯ ಸಮಾಜವಿಜ್ಞಾನ ಪಠ್ಯದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ವಿಭಾಗಗಳಿವೆ. ಪದವಿಯಲ್ಲಿ ಇವುಗಳಲ್ಲಿ ಎರಡನ್ನೋ ಮೂರನ್ನೋ ಓದಿದವನು ಆರನ್ನೂ ಬೋಧಿಸಬೇಕು. ಇತಿಹಾಸವನ್ನು ಓದಿದವನಿಗೆ ಅಕ್ಷಾಂಶ ರೇಖಾಂಶಗಳು ಕಷ್ಟ. ಅರ್ಥಶಾಸ್ತ್ರವನ್ನು ಓದಿದವನಿಗೆ ಹೊಯ್ಸಳರ ವಂಶಾವಳಿ ಕಷ್ಟ. ಬಿ.ಎಡ್. ಶಿಕ್ಷಣವು ವಿಧಾನವನ್ನು ಕಲಿಸುತ್ತದೆ. ವಿಷಯದ ಕೊರತೆಯನ್ನು ತುಂಬುವ ಹೊಣೆಯನ್ನು ಅವನಿಗೇ ಬಿಡುತ್ತದೆ.

ಈ ಆರನ್ನು ಹೊಲಿಯುವ ದಾರ ಯಾವುದು? ಊರೇ ಆ ದಾರವೆಂದು ನಮ್ಮ ಅಭಿಪ್ರಾಯ. ಕಣಕಟ್ಟೆಯ ಹೆಸರಿನಲ್ಲೇ 'ಕಟ್ಟೆ' ಇದೆ. ತಾಲ್ಲೂಕಿನ ಹೆಸರಿನಲ್ಲಿ 'ಕೆರೆ' ಇದೆ. ಪಶ್ಚಿಮಕ್ಕೆ ಸಕಲೇಶಪುರದ ಮಲೆನಾಡು ಮಳೆಯಲ್ಲಿ ತೋಯುವಾಗ ಪೂರ್ವದ ಅರಸೀಕೆರೆಯ ಬಯಲು ಏಕೆ ಒಣಗಿರುತ್ತದೆಂಬ ಪ್ರಶ್ನೆ ಭೂಗೋಳ. ಒಣನೆಲದಲ್ಲಿ ನೀರನ್ನು ನಿಲ್ಲಿಸಲು ಕೆರೆಗಳನ್ನು ಕಟ್ಟಿಸಿದವರು ಯಾರೆಂಬುದು ಇತಿಹಾಸ. ಆ ನೀರು ಯಾರ ಗದ್ದೆಗೆ ಮೊದಲು ಹರಿಯಿತು, ಯಾರಿಗೆ ಕೆರೆಯ ಮೆಟ್ಟಿಲನ್ನು ಮುಟ್ಟಲು ಬಿಡಲಿಲ್ಲ ಎಂಬುದು ಸಮಾಜಶಾಸ್ತ್ರ. ಹೂಳನ್ನು ಎತ್ತಿಸುವ ನಿರ್ಣಯವನ್ನು ಗ್ರಾಮಪಂಚಾಯಿತಿ ಹೇಗೆ ಕೈಗೊಳ್ಳುತ್ತದೆಂಬುದು ರಾಜ್ಯಶಾಸ್ತ್ರ. ಇಲ್ಲಿಯ ಕೊಬ್ಬರಿಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ಏರಿಳಿಯುವುದು ಅರ್ಥಶಾಸ್ತ್ರವೂ ಹೌದು, ವ್ಯವಹಾರವೂ ಹೌದು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಸಾಹಿತ್ಯದಲ್ಲಿ ಕೆರೆಯ ಪದ್ಮರಸನ ಹೆಸರು ಪ್ರಸಿದ್ಧ. ಹೊಯ್ಸಳ ನರಸಿಂಹನ ಮಂತ್ರಿಯಾಗಿದ್ದು ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿದುದರಿಂದ ಆತನಿಗೆ ಆ ವಿಶೇಷಣ ಸಂದಿತೆಂದು ಪರಂಪರೆ ಹೇಳುತ್ತದೆ. ಆತನ ವಂಶದವನೇ ಆದ ಪದ್ಮಣಾಂಕನು 'ಪದ್ಮರಾಜ ಪುರಾಣ'ವನ್ನು ರಚಿಸಿದನು. ಅತ್ತ ಅರಸೀಕೆರೆಯಲ್ಲಿ 13ನೆಯ ಶತಮಾನದ ಈಶ್ವರ ದೇವಾಲಯವು ತನ್ನ ನಕ್ಷತ್ರಾಕಾರದ ಮಂಟಪದೊಡನೆ ಕಣ್ಣೆದುರಿಗೆ ನಿಂತಿದೆ, ಶಾಸನಗಳು ಅಚ್ಚಾಗಿವೆ. ಪುರಾಣವು ಭಕ್ತಿಯ ಸಾಕ್ಷಿ, ಕಟ್ಟಡವು ಕಲ್ಲಿನ ಸಾಕ್ಷಿ, ಶಾಸನವು ದಾನದ ಸಾಕ್ಷಿ. ಮೂರಕ್ಕೂ ಬೆಲೆಯಿದೆ, ಆದರೆ ಮೂರೂ ಒಂದೇ ಬಗೆಯವಲ್ಲ. ಪುರಾಣವನ್ನು ಹಳಿಯದೆ, ಅದನ್ನು ಶಾಸನವೆಂದೂ ಭ್ರಮಿಸದೆ, ಯಾವುದು ಏನನ್ನು ಹೇಳಬಲ್ಲದೆಂದು ಮಕ್ಕಳಿಂದಲೇ ತೂಗಿಸುವುದು ಇತಿಹಾಸ ಬೋಧನೆಯ ಸಾರ. ಈ ತೂಗುವ ಶಕ್ತಿ ಬಾರದಿದ್ದರೆ, ನಾಳೆ ಬಾಲಕನು ಕೇಳಿದ್ದನ್ನೆಲ್ಲ ನಂಬುವನು, ಇಲ್ಲವೆ ಯಾವುದನ್ನೂ ನಂಬಲಾರನು. ಎರಡೂ ಸಮಾಜಕ್ಕೆ ಕೇಡು.

ಆದ್ದರಿಂದ ಇಪ್ಪತ್ತು ವಾರಗಳ ಶಾಲಾನುಭವದಲ್ಲಿ ಒಂದೆರಡು ವಾರಗಳನ್ನಾದರೂ ಪ್ರಶಿಕ್ಷಣಾರ್ಥಿಯು ಊರಿನ ಅಧ್ಯಯನಕ್ಕೆ ಮೀಸಲಿಡುವಂತಾಗಬೇಕು. ತಾಲ್ಲೂಕಿನ ಶಾಸನ ಸಂಪುಟವನ್ನು ಅವನು ಒಮ್ಮೆಯಾದರೂ ಬಿಡಿಸಿ ನೋಡಿರಬೇಕು. ಪಂಚಾಯಿತಿ ಸಭೆಯಲ್ಲಿ ಕುಳಿತಿರಬೇಕು. ಕೆರೆಯ ಏರಿಯ ಮೇಲೆ ಮಕ್ಕಳೊಡನೆ ನಡೆದಿರಬೇಕು. ಇದಕ್ಕೆ ಹೊಸ ಆಯೋಗವೂ ಬೇಡ, ಹೆಚ್ಚಿನ ಹಣವೂ ಬೇಡ. ಶಿಕ್ಷಣ ಕಾಲೇಜುಗಳ ಪ್ರಾಧ್ಯಾಪಕರಲ್ಲಿ ಮನಸ್ಸು ಬೇಕು. ಇನ್ನು ಹಳ್ಳಿಯ ಬಡ ಪ್ರಶಿಕ್ಷಣಾರ್ಥಿಗಳ ವಸತಿಗೂ ಶುಲ್ಕಕ್ಕೂ ನೆರವಾಗುವುದು, ವಿದ್ಯಾರ್ಥಿನಿಲಯಗಳನ್ನು ನಡೆಸಿ ಅನುಭವವಿರುವ ನಮ್ಮ ಮಠಗಳಿಗೆ ಅಸಾಧ್ಯವೇನಲ್ಲ. ದಾಸೋಹದ ಪಂಕ್ತಿಯಲ್ಲಿ ನಾಳಿನ ಗುರುವಿಗೂ ಒಂದು ಎಡೆ ಸಲ್ಲಬೇಕು.

ಅನುಮತಿಪತ್ರವು ತರಗತಿಯ ಬಾಗಿಲನ್ನು ತೆರೆಯುತ್ತದೆ. ಒಳಗೆ ಹೋದ ಮೇಲೆ ಮಕ್ಕಳ ಮುಂದೆ ಅವರ ಊರನ್ನೇ ತೆರೆದು ತೋರಿಸಬಲ್ಲವನು ಸಮಾಜವಿಜ್ಞಾನದ ಉಪಾಧ್ಯಾಯ. ಅಂಥವನೊಬ್ಬನು ಹೋಬಳಿಗೊಬ್ಬನಂತೆ ದೊರೆತರೂ 1868ರ ಆ ಯೋಜನೆ ಸಾರ್ಥಕವಾದಂತೆ.